ನನಗಿದ್ದ ಮೂರು ಜೀವ

ಚೆನ್ನಾಗಿ ನಡೆಯುತ್ತಿರುವ ಸಾಮಾನನ್ನು ಅದರ ಪಾಡಿಗೆ ಬಿಡಲಾರದ ಜನ ಲೋಕದಲ್ಲಿ ಒಂದಿಷ್ಟಿದ್ದಾರೆ. ಗಡಿಯಾರ ಟಿಕ್ ಟಿಕ್ ಎನ್ನುತ್ತಿದ್ದರೆ ಅದು ಯಾಕೆ ಹಾಗೆನ್ನುತ್ತಿದೆ ಎಂದು ಬಿಚ್ಚುತ್ತಾರೆ. ಆಮೇಲೆ ಯಾಕೆ ಅನ್ನುತ್ತಿಲ್ಲ ಎಂದು ತಲೆಯ ಮೇಲೆ ಕೈಹೊತ್ತು ಕೂರುತ್ತಾರೆ. ನಾನು ಆ ಪಂಗಡಕ್ಕೆ ಸೇರಿದವನು. ನಮ್ಮ ಮನೆಯಲ್ಲಿ ನನ್ನ ಕೈಯಿಂದ ಪಾರಾಗಿ ಉಳಿದದ್ದು ಬೀಸುವ ಕಲ್ಲೊಂದೇ, ಅದಕ್ಕೆ ಸ್ಕ್ರೂ ಇಲ್ಲವೆಂಬ ಕಾರಣಕ್ಕೆ. ನಾನು ರಿಪೇರಿ ಮಾಡಿದ ಇಸ್ತ್ರಿ ಪೆಟ್ಟಿಗೆ ಹಿಡಿಕೆಯ ಕಡೆಯಿಂದ ಕಾಯುತ್ತದೆ. ನಾನು ಬಿಚ್ಚಿ ಜೋಡಿಸಿದ ಫ್ಯಾನು ತಿರುಗುವುದೇನೋ ತಿರುಗುತ್ತದೆ, ಆದರೆ ಗಾಳಿಯನ್ನು ಮೇಲಿನ ಜಂತಿಗೆ ಬೀಸುತ್ತದೆ. ಕೆಳಗೆ ಬೆವರುತ್ತ ಕೂತ ನಾವು ಜಂತಿಯನ್ನು ನೋಡಿ ಹೊಟ್ಟೆಕಿಚ್ಚು ಪಡುತ್ತೇವೆ. ಇಷ್ಟೆಲ್ಲ ಆದಮೇಲಾದರೂ ಬುದ್ಧಿ ಬರಬೇಕಲ್ಲ? ಬರಲಿಲ್ಲ. ಬಂದಿದ್ದರೆ ನಾನು ಆ ವಿಡಿಯೋ ಗೇಮ್ ಕೊಳ್ಳುತ್ತಿರಲಿಲ್ಲ, ಕೊಂಡರೂ ಅದರ ಹೊಟ್ಟೆ ಸೀಳುತ್ತಿರಲಿಲ್ಲ, ನಮ್ಮ ಮನೆಯೊಡತಿ ಚಂಪಾ ಕಾಕು ಊಟ ಬಿಟ್ಟು ಒಣಗುತ್ತಲೂ ಇರಲಿಲ್ಲ.

ಟಿವಿಗೆ ಜೋಡಿಸಿ ಆಡುವ ಆ ಗೇಮಿನ ಪೆಟ್ಟಿಗೆಗಳು ಆಗ ನಮ್ಮ ಕಡೆಯ ಪೇಟೆಗಳಿಗೆ ಹೊಸದಾಗಿ ಬಂದಿದ್ದವು. ಹುಕ್ಕೇರಿಯಲ್ಲಿ ನನ್ನ ಹೆಂಡತಿ ಶೈಲಾಳ ತಂಗಿಯ ಮದುವೆ ಗೊತ್ತಾಗಿತ್ತು. ಮದುವೆಯ ಬಟ್ಟೆ ಖರೀದಿಗೆ ನಮ್ಮಲ್ಲಿ ಬಸ್ತಾ ತೆಗೆಯುವುದು ಎನ್ನುತ್ತಾರೆ. ಎರಡೂ ಮನೆಯ ಹೆಂಗಸರು ಒಂದು ಟೆಂಪೋ ತುಂಬಿಕೊಂಡು ಕೊಲ್ಲಾಪುರಕ್ಕೆ ಹೋಗುತ್ತಾರೆ. ಬರುವಾಗ ಗಂಟು ಹೊರುವುದಕ್ಕೆ ನಾಲ್ಕು ಜನ ಗಂಡಸರು. ಅಂಗಡಿಯ ಗಾದಿಯ ಮೇಲೆ ಸೀರೆಗಳ ಗುಡ್ಡ ಏಳುತ್ತದೆ, ಮುಂಜಾನೆ ಮೊದಲು ಬಿಚ್ಚಿದ ಸೀರೆಯೇ ಸಂಜೆಗೆ ಪಾಸಾಗುತ್ತದೆ. ನಡುವಿನ ಹೊತ್ತಿನಲ್ಲಿ ಗಂಡಸರು ಏನಾದರೂ ಮಾಡಿಕೊಳ್ಳಬಹುದು. ಉಳಿದವರು ಚಹಾ ಕುಡಿದರು, ನಾನು ವಿಡಿಯೋ ಗೇಮ್ ಕೊಂಡೆ. ಡಬ್ಬಿಯ ಮೇಲೆ ಒಂಬತ್ತು ಸಾವಿರದ ಮೇಲೆ ಚಿಲ್ಲರೆ ಆಟಗಳಿವೆ ಎಂದು ಅಚ್ಚಾಗಿತ್ತು. ಅದರ ಕೆಳಗೆ ದಪ್ಪಕ್ಷರದಲ್ಲಿ, ಪ್ಲಗ್ ಹಚ್ಚಿ, ಆಡಿ. ಅಷ್ಟೇ. ನನ್ನಂಥವನಿಗೆ ಆ ಎರಡು ಕ್ರಿಯೆಗಳ ನಡುವೆ ಎಷ್ಟು ದೊಡ್ಡ ಹಳ್ಳವಿದೆ ಎಂಬುದನ್ನು ಅಚ್ಚು ಹಾಕಿದವನು ಯೋಚಿಸಿರಲಿಲ್ಲ.

"ಇದೇನ್ರಿ?" ಎಂದಳು ಶೈಲಾ, ಸೀರೆಯ ಗಂಟಿನ ಸಂದಿಯಿಂದ ಅದನ್ನು ಎಳೆದು.

"ಗೇಮು."

"ಯಾರಿಗೆ?"

"ಮನಿಗೆ."

"ಮಗಳು ನೋಡಿದ್ರ ಧಾರವಾಡದಾಗ ಹಾಸ್ಟೆಲ್ಲಿಗೆ ಅದಾಳು. ಮನ್ಯಾಗ ಆಡೂ ಹುಡುಗೂರು ಯಾರದಾರ, ನೀವೊಬ್ರನ್ನ ಬಿಟ್ರ?"

ನಾನು ಟೆಂಪೋದ ಕಿಟಕಿಯ ಹೊರಗೆ ನೋಡುತ್ತ ಕೂತೆ. ಸಂಕೇಶ್ವರ ದಾಟುವವರೆಗೂ ಹೊರಗೇ ನೋಡಿದೆ.

ಇನ್ನು ನಮ್ಮ ಮನೆಯ ವಿಷಯ ಹೇಳಬೇಕು, ಯಾಕೆಂದರೆ ಕತೆಯೆಲ್ಲ ನಿಂತಿರುವುದು ಅದರ ಮೇಲೆ. ನಾನು ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಮೂಡಲಗಿಯಿಂದ ಗೋಕಾಕಕ್ಕೆ ವರ್ಗವಾಗಿ ಬಂದಾಗ ನಮಗೆ ಸಿಕ್ಕ ಮನೆ ಜಿನ್ನಪ್ಪ ಕಾಕಾ ಮತ್ತು ಚಂಪಾ ಕಾಕು ಎಂಬ ಜೈನ ದಂಪತಿಗಳದು. ಕೆಳಗೆ ಅವರು, ಮೇಲೆ ನಾವು. ಮೂಡಲಗಿಯ ಬಾಡಿಗೆ ಮನೆಯಲ್ಲಿ ಶೈಲಾ ಕೊಡ ಹೊತ್ತು ಹೊತ್ತು ಸೊಂಟ ಹಿಡಿಸಿಕೊಂಡಿದ್ದಳು. ಇಲ್ಲಿ ಮಾಳಿಗೆಯ ಮೇಲೆಯೇ ನಳ, ತಿರುವಿದರೆ ನೀರು. ಮೊದಲ ದಿನ ಅವಳು ನಳದ ಮುಂದೆ ನಿಂತ ರೀತಿ ನೋಡಿದರೆ ಆರತಿ ಬೆಳಗುತ್ತಾಳೇನೋ ಅನಿಸಿತು. "ಈ ನಳಾ ಬಿಟ್ಟು ನಾ ಎಲ್ಲೀ ಬರಂಗಿಲ್ಲ. ಬೇಕಾದ್ರ ನಿಮ್ಮನ್ನ ಬಿಡತೇನಿ" ಎಂದು ಅವತ್ತೇ ಹೇಳಿಬಿಟ್ಟಳು. ಅವಳು ತಮಾಷೆ ಮಾಡುವವಳಲ್ಲ.

ಮನೆ ಕೊಡುವಾಗ ಕಾಕಾ ಹಾಕಿದ ಕರಾರು ಒಂದೇ. "ಭಾಡಿಗಿ ನಾಕ ದಿನಾ ಹಿಂದಮುಂದ ಆದ್ರ ನಡೀತೈತ್ರಿ ಬಸವರಾಜ ಅವರ. ಆದ್ರ ಈ ಮನ್ಯಾಗ ಜೀವ ಹೋಗೂವಂಥಾ ಕೆಲಸ ಆಗಬಾರದು. ಆತಂದ್ರ ಮಾರನೇ ದಿನಾ ಮನಿ ಖಾಲಿ ಮಾಡಬೇಕು ನೋಡ್ರಿ."

"ಕಾಕಾ, ನಾವು ತತ್ತಿ ಸೈತ ಮುಟ್ಟಾವರಲ್ರಿ" ಎಂದೆ ಹೆಮ್ಮೆಯಿಂದ.

"ತತ್ತಿ ಅಟ್ಟ ಅಲ್ಲೋ ತಮ್ಮಾ," ಎಂದರು ಕಾಕು ಒಳಗಿನಿಂದ, "ತಿಗಣಿನೂ ಕೊಲ್ಲಬಾರದು. ಹಿಡದು ಹೊರಗ ಬಿಡಬೇಕು."

ಬಿಟ್ಟೆವು. ಬೆಂಕಿಪೊಟ್ಟಣದಲ್ಲಿ ತಿಗಣೆಗಳನ್ನು ತುಂಬಿಕೊಂಡು ನಾನು ಬೀದಿಯ ತುದಿಯವರೆಗೆ ಕಳುಹಿಸಿ ಬರುತ್ತಿದ್ದೆ. ನಾನು ಮನೆ ಮುಟ್ಟುವುದರೊಳಗೆ ಅವು ಅಡ್ಡದಾರಿ ಹಿಡಿದು ವಾಪಸು ಬಂದಿರುತ್ತವೆಂದು ಶೈಲಾಳ ಅನುಮಾನವಿತ್ತು. ಆದರೂ ಮಾತಿಗೆ ತಪ್ಪಲಿಲ್ಲ. ಕಾಕು ನಳಕ್ಕೆ ಬಿಳಿ ಅರಿವೆ ಕಟ್ಟಿ ನೀರು ಸೋಸುವುದನ್ನು ನೋಡಿ ಶೈಲಾಳೂ ಕಟ್ಟಿದಳು. ಕತ್ತಲಾದ ಮೇಲೆ ಕಾಕು ಉಣ್ಣುತ್ತಿರಲಿಲ್ಲ. ಹಗಲೇ ಮಾಡಿದ್ದರಲ್ಲಿ ಒಂದು ಬಟ್ಟಲು ಮೇಲೆ ಬರುತ್ತಿತ್ತು. ನಮ್ಮವ್ವ ಕುಲಗೋಡದಿಂದ ಬಸ್ಸಿಗೆ ಹಾಕಿ ಕಳಿಸುವ ಜೋಳದಲ್ಲಿ ಒಂದು ಪಾಲು ಕೆಳಗೆ ಹೋಗುತ್ತಿತ್ತು. ಹೆತ್ತ ತಾಯಿಗಿಂತ ಒಂದು ಗುಂಜಿ ಹೆಚ್ಚೇ ಅಕ್ಕರೆ ತೋರಿಸಿದ ಹೆಂಗಸು ಆಕೆ. ನನ್ನನ್ನು ಬಸಣ್ಣಾ ಎಂದು ಏಕವಚನದಲ್ಲಿ ಕರೆಯುತ್ತಿದ್ದರು, ಬೈಯುವುದಿದ್ದರೆ ನೇರವಾಗಿ ಬೈಯುತ್ತಿದ್ದರು.

ಇಂಥ ಮನೆಗೆ ನಾನು ಗೇಮಿನ ಪೆಟ್ಟಿಗೆ ತಂದೆ. ಪ್ಲಗ್ ಹಚ್ಚಿದೆ. ಏನೂ ಆಗಲಿಲ್ಲ. ನಮ್ಮದು ಚಾನೆಲ್ ತಿರುವಲು ಗುಂಡು ಬಿರಡೆಯಿದ್ದ ಹಳೆಯ ಕಪ್ಪು ಬಿಳುಪು ಟಿವಿ. ಆ ಬಿರಡೆ ದೂರದರ್ಶನದ ಮೇಲೆ ನಿಂತಾಗ ಒಮ್ಮೆ ನಾನು ಅದನ್ನು ಸಡಿಲ ಮಾಡಲು ಹೋಗಿ ಶಾಶ್ವತವಾಗಿ ಬಿಗಿ ಮಾಡಿದ್ದೆ. ಗೇಮು ಬರಬೇಕಾದದ್ದು ಬೇರೆ ಚಾನೆಲ್ಲಿನ ಮೇಲೆ. ಟಿವಿ ಗೇಮಿನ ಹತ್ತಿರ ಬರಲೊಲ್ಲದು, ಸರಿ, ಗೇಮನ್ನೇ ಟಿವಿಯ ಹತ್ತಿರ ಕಳಿಸಿದರಾಯಿತು ಎಂದು ಪೆಟ್ಟಿಗೆ ಬಿಚ್ಚಿದೆ. ಒಳಗೊಂದು ತಗಡಿನ ಪುಟ್ಟ ಗೂಡು, ಗೂಡಿನಲ್ಲಿ ತಂತಿಯ ಸುರುಳಿ, ಸುರುಳಿಯ ನಡುವೆ ಒಂದು ತಿರುಪು. ಸ್ಕ್ರೂಡ್ರೈವರಿನಿಂದ ಅದನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ತಿರುವುತ್ತ ಹೋದೆ. ಪರದೆಯ ಮೇಲೆ ಉಪ್ಪು ಸುರಿದಂತೆ ಗುಜುಗುಜು. ಗುಜುಗುಜಿನೊಳಗಿಂದ ಒಂದು ಸಂಗೀತ. ಆಮೇಲೆ, ನಾನು ಸುಳ್ಳು ಹೇಳುತ್ತಿಲ್ಲ, ಸ್ಪಷ್ಟವಾಗಿ ಒಂದು ಬಾತುಕೋಳಿ.

ನನ್ನ ಜೀವಮಾನದಲ್ಲಿ ನಾನು ಕೈಹಾಕಿ ಸರಿಹೋದ ಮೊದಲ ವಸ್ತು ಅದು. ಕಣ್ಣಲ್ಲಿ ನೀರು ಬಂತು. ಆ ಖುಷಿಯಲ್ಲಿ ಇನ್ನೊಂದು ಕೆಲಸವನ್ನೂ ಮಾಡಿದೆ. ಆಂಟೆನಾದ ತಂತಿಗೂ ಗೇಮಿನ ತಂತಿಗೂ ನಡುವೆ ಒಂದು ಚಿಕ್ಕ ಡಬ್ಬಿ ಕೂರಿಸಬೇಕಿತ್ತು, ಒಂದು ನಡೆಯುವಾಗ ಇನ್ನೊಂದನ್ನು ತಡೆಯುವುದಕ್ಕೆ. ಅದು ಬರೀ ಅಡ್ಡಿ ಅನಿಸಿ ಅತ್ತ ಒಗೆದು, ಎರಡೂ ತಂತಿಗಳನ್ನು ನೇರವಾಗಿ ಹೊಸೆದು ಟಿವಿಗೆ ಸಿಕ್ಕಿಸಿದೆ. ಮಾಳಿಗೆಯ ಮೇಲಿದ್ದ ಆಂಟೆನಾ ಒಂದೇ, ಅದರಿಂದ ಇಳಿದ ತಂತಿ ಕವಲೊಡೆದು ಒಂದು ನಮ್ಮ ಟಿವಿಗೆ, ಒಂದು ಕೆಳಗಿನ ಕಾಕಾನ ಟಿವಿಗೆ ಹೋಗುತ್ತದೆ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದದ್ದು ತಲೆಗೆ ಬರಬೇಕಲ್ಲ.

ಒಂಬತ್ತು ಸಾವಿರ ಆಟಗಳು ಎಂದರೆ ನಿಜವಾಗಿ ಬೆರಳ ಮೇಲೆ ಎಣಿಸುವಷ್ಟು ಆಟಗಳು, ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿದ್ದವು. ನಮ್ಮ ಕಚೇರಿಯ ಕಡತಗಳ ಪರಿಚಯ ಇದ್ದ ನನಗೆ ಇದರಿಂದ ಆಶ್ಚರ್ಯವಾಗಲಿಲ್ಲ. ಟೊಪ್ಪಿಗೆಯ ಮನುಷ್ಯನೊಬ್ಬ ಹುಳಗಳ ಮೇಲೆ ಹಾರುತ್ತ ಓಡುವ ಆಟ, ಟ್ಯಾಂಕು, ಮೋಟಾರು ಮತ್ತು ಬಾತುಕೋಳಿ. ನನಗೆ ಹಿಡಿಸಿದ್ದು ಬಾತುಕೋಳಿ. ಪ್ಲಾಸ್ಟಿಕ್ ಪಿಸ್ತೂಲು ಹಿಡಿದು ಪರದೆಯ ಮೇಲೆ ಹಾರುವ ಬಾತನ್ನು ಹೊಡೆಯಬೇಕು. ಅದರಲ್ಲಿ ನನಗೆ ಮೂರು ಜೀವ. ಬಾತು ತಪ್ಪಿಸಿಕೊಂಡು ಹೋದರೆ ನನ್ನ ಒಂದು ಜೀವ ಹೋಗುತ್ತದೆ. ಅದು ಉಳಿದರೆ ನಾನು ಸತ್ತೆ, ನಾನು ಉಳಿದರೆ ಅದು ಸತ್ತಿತು. ಮೊದಮೊದಲು ದಿನವೂ ನಾನೇ ಸಾಯುತ್ತಿದ್ದೆ. ಕಚೇರಿಯಿಂದ ಬಂದವನು ಕೈಕಾಲು ತೊಳೆದು, ಚಹಾ ಕುಡಿದು, ಸಾಯಲಿಕ್ಕೆ ಕೂರುತ್ತಿದ್ದೆ. ಬಾಗಿಲಲ್ಲಿ ನಿಂತು ಮೂಗು ಮುರಿಯುತ್ತಿದ್ದ ಶೈಲಾ ಸ್ವಲ್ಪ ದಿನಕ್ಕೆ ಒಳಗೆ ಬಂದಳು, ಆಮೇಲೆ ಪಕ್ಕದಲ್ಲಿ ಕೂತಳು. "ಎಷ್ಟ್ ಜೀವ ಉಳದಾವ್ರಿ?" ಎಂದು ಅಡುಗೆಮನೆಯಿಂದಲೇ ವಿಚಾರಿಸುವ ಮಟ್ಟಕ್ಕೆ ಬಂದಳು. ಮದುವೆಯಾದಾಗಿನಿಂದ ನನ್ನ ಆರೋಗ್ಯದ ಬಗ್ಗೆ ಅವಳು ಅಷ್ಟು ಕಳಕಳಿ ತೋರಿಸಿದ್ದು ಅದೇ ಮೊದಲು.

ಅಷ್ಟರಲ್ಲಿ ನನಗೊಂದು ಗುಟ್ಟು ಸಿಕ್ಕಿತು. ಪಿಸ್ತೂಲಿನ ಮೂತಿಯಲ್ಲಿದ್ದದ್ದು ಬೆಳಕನ್ನು ಗುರುತಿಸುವ ಒಂದು ಕಣ್ಣು. ಟಿವಿಯ ಕಡೆ ಹಿಡಿದು ಒತ್ತಿದರೆ ಹತ್ತಕ್ಕೊಂದು ಬಾತು ಬೀಳುತ್ತಿತ್ತು. ಮೇಲೆ ತೂಗುವ ಬಲ್ಬಿನ ಕಡೆ ಹಿಡಿದು ಒತ್ತಿದರೆ ಎಲ್ಲವೂ ಬೀಳುತ್ತಿದ್ದವು. ಅಲ್ಲಿಂದ ನಾನು ಹುಲಿಯಾದೆ. ಟಿವಿಗೆ ಬೆನ್ನು ತಿರುಗಿಸಿ ಬಲ್ಬಿಗೆ ಗುರಿಯಿಟ್ಟು ಕೂತರೆ ಹಿಂದೆ ಪಟಪಟ ಬಾತುಗಳು ಉದುರುವ ಸದ್ದು. ಗೋಕಾಕದಲ್ಲಿ ನನ್ನಂಥ ಬೇಟೆಗಾರ ಇನ್ನೊಬ್ಬನಿರಲಿಲ್ಲ. ಮಳೆ ಹಿಡಿದು ಫಾಲ್ಸ್ ತುಂಬಿ ಧುಮುಕುತ್ತಿದ್ದ ದಿನಗಳವು. ರವಿವಾರ ಊರೆಲ್ಲ ಬುತ್ತಿ ಕಟ್ಟಿಕೊಂಡು ನೋಡಲು ಹೋಗುತ್ತಿತ್ತು. ನಾನು ಬಲ್ಬು ನೋಡುತ್ತ ಕೂತಿದ್ದೆ.

ಒಂದು ಸಂಜೆ ಶೈಲಾ ಕೆಳಗಿನಿಂದ ಬಂದವಳು ಬಾಗಿಲು ಹಾಕಿ ಅಗಳಿ ಹಾಕಿದಳು. ಮುಖ ಬಿಳುಚಿಕೊಂಡಿತ್ತು.

"ಏನ್ರಿ, ಕಾಕುನ ಟಿವ್ಯಾಗ ಬಾತುಕೋಳಿ ಹಾರಾಕತ್ತಾವ."

"ದೂರದರ್ಶನದಾಗ ಏನರ ತೋರಸ್ತಿರಬೇಕ ಬಿಡು."

"ವಾರ್ತೆ ಓದೂ ಹೆಣಮಗಳ ತಲಿ ಮ್ಯಾಲೆ ಹಾರಾಕತ್ತಾವ್ರಿ! ಆಕಿ ಮುಖ್ಯಮಂತ್ರಿ ಭಾಷಣಾ ಓದೂ ಮುಂದ ಒಂದು ಟಪ್ ಅಂತ ಆಕಿ ಕಿವಿ ಮ್ಯಾಲೆ ಬಿತ್ತು. ಅದ ಹೊತ್ತಿಗೆ ಮ್ಯಾಲೆ ನೀವು ಬಿತ್ತು ಬಿತ್ತು ಅಂತ ಒದರಿದ್ದು ನಂಗ ಕೇಳಸ್ತು."

ನನ್ನ ಕೈಯಿಂದ ಪಿಸ್ತೂಲು ಜಾರಿತು. ಶೈಲಾ ಹೇಳಿದ ಉಳಿದದ್ದನ್ನು ಕೇಳಿದ ಮೇಲಂತೂ ನೆಲಕ್ಕಿಳಿದು ಹೋದರೆ ಸಾಕೆನಿಸಿತು. ಅವು ಹಲವು ದಿನಗಳಿಂದ ಅಲ್ಲಿ ಹಾರುತ್ತಿದ್ದವು. ಕಾಕಾ ಅದನ್ನು ರೈತರಿಗಾಗಿ ಮಾಡಿದ ಕೋಳಿ ಸಾಕಣೆಯ ಕಾರ್ಯಕ್ರಮವಿರಬೇಕು, ಸರ್ಕಾರದವರಿಗೆ ಹೊತ್ತು ಗೊತ್ತು ತಿಳಿಯುವುದಿಲ್ಲ ಎಂದು ತಳ್ಳಿಹಾಕಿದ್ದರು. ಕಾಕು ಹಾಗೆ ತಳ್ಳಿಹಾಕುವವರಲ್ಲ. ಚಾತುರ್ಮಾಸ ನಡೆದಿತ್ತು. ಇರುವೆ ತುಳಿದೀತೆಂದು ನೆಲ ನೋಡಿ ನಡೆಯುವ ಕಾಲದಲ್ಲಿ ತಮ್ಮ ಪಡಸಾಲೆಯಲ್ಲಿಯೇ, ತಮ್ಮ ಕಣ್ಣೆದುರೇ ಇಷ್ಟು ಜೀವ ಹೋದವಲ್ಲ, ನೋಡಿದ ಪಾಪ ಕಳೆಯಬೇಡವೇ ಎಂದು ಅವರು ಒಪ್ಪತ್ತು ಹಿಡಿದಿದ್ದರು. ಬಾತುಗಳು ಹೆಚ್ಚು ಬಿದ್ದ ಮರುದಿನ ಆ ಒಪ್ಪತ್ತೂ ಇಲ್ಲ, ಬರೀ ಕಾಯಿಸಿ ಆರಿಸಿದ ನೀರು. ಟಿವಿ ಹಚ್ಚದೆ ಇರಬಹುದಿತ್ತಲ್ಲ ಎಂದು ನೀವು ಕೇಳಬಹುದು. ಶೈಲಾಳೂ ಕೇಳಿದಳಂತೆ. "ಕಣ್ಣು ಮುಚ್ಚಿಕೊಂಡ್ರ ಅವು ಸಾಯೂದು ಬಿಡತಾವೇನ?" ಎಂದರಂತೆ ಕಾಕು. ಯಾರೂ ನೋಡದೆ ಸಾಯುವುದಕ್ಕಿಂತ ಒಬ್ಬರು ನೋಡುತ್ತಿರುವುದು ಮೇಲು ಎಂಬುದು ಅವರ ಲೆಕ್ಕ.

ಅಂದರೆ ನಾನು ಚೆನ್ನಾಗಿ ಆಡಿದಷ್ಟೂ ಕಾಕು ಸೊರಗುತ್ತ ಹೋಗಿದ್ದರು. ಬಲ್ಬಿನ ಗುಟ್ಟು ಸಿಕ್ಕ ಮೇಲೆ ಅವರು ಸರಿಯಾಗಿ ಉಂಡೇ ಇರಲಿಲ್ಲ. ಅವರ ಬಳೆ ಮೊಣಕೈವರೆಗೆ ಜಾರುವುದನ್ನು ನಾನೂ ನೋಡಿದ್ದೆ, ವಯಸ್ಸಾಯಿತು ಅಂದುಕೊಂಡಿದ್ದೆ. ನನಗೆ ನಿಜಕ್ಕೂ ಅಳು ಬಂತು. ಪೇಟೆಗೆ ಓಡಿ ಒಳ್ಳೆಯ ಕರದಂಟು ಕಟ್ಟಿಸಿಕೊಂಡು ಬಂದು ಕೆಳಗೆ ಹೋದೆ. ಹೇಳಿಬಿಡಬೇಕೆಂದೇ ಹೋದದ್ದು. ಬಾಗಿಲಲ್ಲಿ ಕಾಕಾ ಕೂತಿದ್ದರು, ಅವರನ್ನು ಕಂಡದ್ದೇ ಆ ಕರಾರು ನೆನಪಾಯಿತು, ಹಿಂದೆಯೇ ನಳ ನೆನಪಾಯಿತು. ಕರದಂಟು ಅವರ ಕೈಗಿಟ್ಟು ಮಳೆಯ ಬಗ್ಗೆ ನಾಲ್ಕು ಮಾತಾಡಿ ಬಂದೆ. ಕಾಕು ಅದನ್ನು ಮುಟ್ಟದೆ ಬಸದಿಗೆ ಬಂದವರಿಗೆ ಹಂಚಿದರೆಂದು ಆಮೇಲೆ ತಿಳಿಯಿತು.

"ಮೊದಲ ಆ ದರಿದ್ರ ಡಬ್ಬಿ ಕಿತ್ತ ಒಗೀರಿ," ಎಂದಳು ಶೈಲಾ. "ಆಮ್ಯಾಲೆ ಹೇಳೂದು ಬಿಡೂದು ನೋಡೂಣು."

"ನಾಳಿ ಕೀಳತೇನಿ. ನಾಳಿ ಮಧ್ಯಾಹ್ನ ಇಬ್ಬರೂ ಬಸ್ತಿಗೆ ಪ್ರವಚನಕ್ಕ ಹೋಗತಾರು. ಅವ್ರು ಇಲ್ಲದಾಗ ಸಾವಕಾಶ ತಂತಿ ಬಿಚ್ಚಿ ಮೊದಲಿದ್ದಂಗ ಮಾಡತೇನಿ."

ಮರುದಿನ ಕಚೇರಿಗೆ ಅರ್ಧ ದಿನದ ರಜೆ ಹಾಕಿದೆ. ಕಾಕಾ ಕಾಕು ಹೊರಟುಹೋದರು. ನಾನು ಸ್ಕ್ರೂಡ್ರೈವರ್ ಹಿಡಿದು ಟಿವಿಯ ಮುಂದೆ ಕೂತೆ. ಕಿತ್ತಮೇಲೆ ಇನ್ನು ಅದನ್ನು ಜೋಡಿಸುವ ಹಾಗಿಲ್ಲ. ನನ್ನ ಕೈಯಿಂದ ಸರಿಹೋದ ಏಕೈಕ ವಸ್ತು. ಕೆಳಗೆ ನೋಡುವವರು ಯಾರೂ ಇಲ್ಲ.

"ಕಡೀದೊಂದು ಆಟ ಆಡಲೇನ?" ಎಂದೆ.

ಶೈಲಾ ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಬಾಗಿಲ ಕಡೆ ನೋಡಿದಳು, ಟಿವಿಯ ಕಡೆ ನೋಡಿದಳು. "ಒಂದ ಅಂದ್ರ ಒಂದ. ಬಲ್ಬಿಗೆ ಹಿಡೀಬ್ಯಾಡ್ರಿ, ಖರೆ ಖರೆ ಆಡ್ರಿ" ಎಂದು ಪಕ್ಕದಲ್ಲಿ ಕೂತಳು.

ಖರೆ ಖರೆ ಆಡಿದೆ. ಪಿಸ್ತೂಲಿನ ತಂತಿ ಗಿಡ್ಡ, ಅದಕ್ಕೆ ಚಾಪೆಯ ಮೇಲೆ ಹೊಟ್ಟೆ ಹಚ್ಚಿ ಮಲಗಿ ಗುರಿಯಿಟ್ಟೆ. ಮೊದಲ ಬಾತು ತಪ್ಪಿತು. ಎರಡನೆಯದು ಬಿತ್ತು, ಮೂರನೆಯದು ಬಿತ್ತು, ನಾಲ್ಕನೆಯದು ತಪ್ಪಿತು. ಉಳಿದದ್ದು ಒಂದೇ ಜೀವ. ಶೈಲಾ ನನ್ನ ಭುಜ ಹಿಡಿದುಕೊಂಡಿದ್ದಳು, ಉಗುರು ಒಳಗಿಳಿಯುತ್ತಿತ್ತು. ಆಮೇಲೆ ಬಂದ ಬಾತು ಪೊದೆಯಿಂದೆದ್ದು, ಪರದೆಯ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹಾರಿ, ನಕ್ಕ ಹಾಗೆ ಕೂಗಿ ಹೊರಟುಹೋಯಿತು. ನಾನು ಪಿಸ್ತೂಲು ಬಿಟ್ಟು ಚಾಪೆಯ ಮೇಲೆ ಮುಖ ಅಡಿಯಾಗಿ ಕೈಚಾಚಿ ಬಿದ್ದೆ. ಶೈಲಾ ಎರಡೂ ಕೈಯಿಂದ ತೊಡೆ ಬಡಿದುಕೊಂಡು ಓಣಿಗೆಲ್ಲ ಕೇಳುವ ಹಾಗೆ ಕೂಗಿದಳು:

"ಅಯ್ಯ ಶಿವನ, ಹೋತು! ಇವರ ಜೀವ ಹೋತು!"

ಮೆಟ್ಟಿಲ ಮೇಲೆ ಹೆಜ್ಜೆಗಳ ಸದ್ದಾಯಿತು. ಪ್ರವಚನದ ನಡುವೆ ಕಾಕುಗೆ ತಲೆ ತಿರುಗಿತ್ತು, ಕಾಕಾ ಅವರನ್ನು ಹಿಡಿದುಕೊಂಡು ಮನೆಗೆ ಕರೆತಂದಿದ್ದರು. ಹೊಸ್ತಿಲು ದಾಟುವ ಹೊತ್ತಿಗೆ ಮೇಲಿನಿಂದ ಈ ಕೂಗು. ಹೊಟ್ಟೆಯಲ್ಲಿ ಒಂದು ತುತ್ತಿಲ್ಲದ ಹೆಂಗಸು ಗಂಡನ ಕೈ ಕೊಡವಿಕೊಂಡು ಮೆಟ್ಟಿಲು ಹತ್ತಿ ಬಂದಿದ್ದರು. ಮುಖ ಅಡಿಯಾಗಿ ಬಿದ್ದ ನಾನು, ತೊಡೆ ಬಡಿದುಕೊಂಡು ಕೂತ ಹೆಂಡತಿ. ಅವರು ಇನ್ನೇನು ತಿಳಿಯಬೇಕು? ನನ್ನ ತಲೆಯ ಪಕ್ಕದಲ್ಲಿ ಕೂತು, ನೆತ್ತಿಯ ಮೇಲೆ ಕೈಯಿಟ್ಟು, ಕಿವಿಯ ಹತ್ತಿರ ಬಾಯಿ ತಂದು ಣಮೋಕಾರ ಮಂತ್ರ ಹೇಳತೊಡಗಿದರು. ಹೋಗುವ ಜೀವಕ್ಕೆ ಅದು ಕೇಳಿಸಿದರೆ ದಾರಿ ಹಗುರವಾಗುತ್ತದೆಯಂತೆ. ನಡುವೆ ಒಮ್ಮೆ "ನನ್ನ ಕೂಸ" ಎಂದರು.

ನಾನು ಏಳಬೇಕಾಗಿತ್ತು. ಸಾಮಾನ್ಯ ಮನುಷ್ಯನಾದರೆ ಎದ್ದುಬಿಡುತ್ತಿದ್ದ. ಆದರೆ ಎದ್ದರೆ ಏನು ಹೇಳುವುದು? ಸತ್ತವನ ಹಾಗೆ ಬಿದ್ದಿರುವುದೇ ಆ ಹೊತ್ತಿಗೆ ಮರ್ಯಾದೆಯ ದಾರಿ ಅನಿಸಿತು. ಉಸಿರು ಬಿಗಿಹಿಡಿದೆ. ಇಡೀ ಮಂತ್ರವನ್ನು ಅಷ್ಟು ಶ್ರದ್ಧೆಯಿಂದ ನಾನು ಎಂದೂ ಕೇಳಿರಲಿಲ್ಲ. ಬಾಗಿಲಲ್ಲಿ ಕಾಕಾ ಚೌಕಟ್ಟು ಹಿಡಿದು ಬಿಕ್ಕುವುದು ಕೇಳಿಸುತ್ತಿತ್ತು. ಇದು ಎಲ್ಲಿಗೆ ಹೋಗಿ ಮುಟ್ಟುತ್ತಿತ್ತೋ, ಅಷ್ಟರಲ್ಲಿ ಯಾರೂ ಮುಟ್ಟದಿದ್ದರೂ ತಾನೇ ಹೊಸದಾಗಿ ಶುರುವಾಗುವ ಆ ಆಟ ಶುರುವಾಗಿ, ಟಿವಿಯೊಳಗಿನಿಂದ ಬಾತು ಕ್ವಾಕ್ ಎಂದಿತು. ಮಂತ್ರ ನಿಂತಿತು.

"ಬಸಣ್ಣಾ, ನಮ್ಮ ಟಿವ್ಯಾಗಿನ ಬಾತುಕೋಳಿ ಇಲ್ಲಿ ಹೆಂಗ ಬಂದ್ವು?" ಎಂದರು ಕಾಕು. ಆ ಪ್ರಶ್ನೆ ಕೇಳಿದ್ದು ಸತ್ತವನನ್ನಲ್ಲ ಎಂಬುದು ಅವರ ದನಿಯಲ್ಲಿಯೇ ಇತ್ತು. ಎದ್ದು ಕೂತೆ. ಕೊಲ್ಲಾಪುರದಿಂದ ಹಿಡಿದು ತಂತಿ ಹೊಸೆದವರೆಗೆ ಎಲ್ಲ ಹೇಳಿದೆ. ಮೂರು ಜೀವದ ವಿಷಯ ಶೈಲಾ ಹೇಳಿದಳು. ಕಾಕಾ ಕಣ್ಣೊರೆಸಿಕೊಳ್ಳುವುದನ್ನು ಅರ್ಧಕ್ಕೇ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು.

"ಅವಕ್ಕ ಜೀವ ಐತೇನ?" ಎಂದರು ಕಾಕು.

"ಇಲ್ರಿ ಕಾಕು. ಬರೇ ಬೆಳಕ ಅದು. ಚಿತ್ರ."

"ಹಂಗಾರ ನಾ ಉಪಾಸ ಮಾಡಿದ್ದು ಯಾರ ಸಲುವಾಗಿ?"

ಅವರು ನಕ್ಕಾರು ಎಂದು ಕಾದೆ, ನಗಲಿಲ್ಲ. ಬೈದಾರು ಎಂದು ಕಾದೆ, ಅದೂ ಇಲ್ಲ. ಒಬ್ಬ ಮುದುಕಿ ಬೆಳಕಿನ ಚೂರುಗಳಿಗಾಗಿ ಹಸಿದು ಕೂತಿದ್ದಳು, ಅವನ್ನು ಬೀಳಿಸುತ್ತಿದ್ದವನು ನಾನು; ಅದಕ್ಕಿಂತ ದೊಡ್ಡ ಬೈಗುಳ ಅವರಿಗೂ ಸಿಕ್ಕಿರಲಿಕ್ಕಿಲ್ಲ. ಕೊನೆಗೆ ತಾವೇ ಕೇಳಿದರು.

"ಹೊಡ್ಯೂ ಮುಂದ ನಿನ್ನ ಮನಸಿನ್ಯಾಗ ಅವು ಏನಿದ್ವು? ಬೆಳಕೋ, ಬಾತುಕೋಳಿನೋ?"

"ಬಾತುಕೋಳಿನ ಇದ್ವು ಬಿಡ್ರಿ" ಎಂದುಬಿಟ್ಟಳು ಶೈಲಾ, ನನ್ನ ಪರವಾಗಿ.

"ಹಿಟ್ಟಿನ ಕೋಳಿ ಕೊಯ್ದು ಜನ್ಮಜನ್ಮ ತಿರುಗಿದವರ ಕಥಿ ಬಸ್ತ್ಯಾಗ ಹೇಳತಾರು. ಹಿಟ್ಟಿಗೆ ಎಲ್ಲಿತ್ತು ಜೀವ? ಕೊಯ್ಯಾವನ ಮನಸಿನ್ಯಾಗಿತ್ತು. ಇದೂ ಹಂಗ. ನನ್ನ ಉಪಾಸ ಹಾಳ ಆಗಿಲ್ಲ ಬಿಡು," ಎಂದು ಸೆರಗು ಸರಿಮಾಡಿಕೊಂಡರು, "ಆದ್ರ ಹೊಡದಾಂವ ನೀ, ಉಣ್ಣದ ಕುಂತಾಕಿ ನಾ. ಅದು ನ್ಯಾಯ ಅಲ್ಲ. ಚಾತುರ್ಮಾಸ ಮುಗಿಯೂತನಾ ಇನ್ನ ಸಂಜೀ ಊಟ ನಿನಗಿಲ್ಲ."

"ಮತ್ತ ಮನೀ..." ಎಂದಳು ಶೈಲಾ, ನಳದ ಕಡೆ ನೋಡುತ್ತ. ಕಾಕಾ ಬಾಯಿ ತೆರೆದರು. "ಉಪಾಸ ಇರಾಂವನ್ನ ಮನಿಯಿಂದ ಹೊರಗ ಹಾಕತಾರೇನ್ರಿ?" ಎಂದರು ಕಾಕು ಅವರ ಕಡೆ ತಿರುಗದೆ. ಕಾಕಾ ಬಾಯಿ ಮುಚ್ಚಿದರು.

ಶೈಲಾ ಕೆಳಗೆ ಓಡಿ ಹೋಗಿ ಬಿಸಿ ಗಂಜಿ ಮಾಡಿ ತಂದಳು. ಹೊತ್ತು ಇನ್ನೂ ಮುಳುಗಿರಲಿಲ್ಲ. ಕಾಕು ನಮ್ಮ ಚಾಪೆಯ ಮೇಲೆಯೇ ಕೂತು ಗುಟುಕು ಗುಟುಕಾಗಿ ಕುಡಿಯುತ್ತ ಟಿವಿಯನ್ನು ನೋಡುತ್ತಿದ್ದರು. ಮುಖದ ಮೇಲೆ ಸ್ವಲ್ಪ ಕಳೆ ಬಂದದ್ದನ್ನು ಕಂಡು ನನಗೂ ಉಸಿರು ಬಂತು. ಬಟ್ಟಲು ಕೆಳಗಿಟ್ಟು, "ಕೊಲ್ಲಲಾರದ ಆಡೂ ಆಟ ಇದರಾಗ ಒಂದೂ ಇಲ್ಲೇನ?" ಎಂದರು. ನಾನು ಉತ್ಸಾಹದಿಂದ ಟೊಪ್ಪಿಗೆಯ ಮನುಷ್ಯನ ಆಟ ಹಾಕಿ, ಓಡಿಸುವ ಗುಂಡಿ ತೋರಿಸಿ ಆಡುವ ಹಿಡಿಕೆಯನ್ನು ಅವರ ಕೈಗೆ ಕೊಟ್ಟೆ. ಎದುರಿನಿಂದ ಒಂದು ಹುಳ ಬಂತು. "ತುಳೀರಿ ಕಾಕು" ಎಂದೆ. ನನ್ನನ್ನು ಒಮ್ಮೆ ನೋಡಿದರು. ತುಳಿಯಲಿಲ್ಲ. ಹುಳ ಬಂದು ಬಡಿಯಿತು, ಒಂದು ಜೀವ ಹೋಯಿತು. ಎರಡನೆಯ ಸಲ ಮನುಷ್ಯನನ್ನು ಹಾರಿಸಿ ಹುಳವನ್ನು ದಾಟಿಸಲು ನೋಡಿದರು. ಅವನು ಹಾರಿ ಅದರ ಮೇಲೆಯೇ ಇಳಿಯುವಂತಾದಾಗ ಹೌಹಾರಿ ಕೈಬಿಟ್ಟರು, ಅವನು ಬದಿಯ ಹಳ್ಳಕ್ಕೆ ಬಿದ್ದ. ಮೂರನೆಯ ಸಲ ಅವರು ಹುಳದ ಹತ್ತಿರವೇ ಹೋಗಲಿಲ್ಲ. ಗೋಡೆಯ ಮರೆಯಲ್ಲಿ, ಹುಳ ಬಾರದ ಜಾಗದಲ್ಲಿ ಅವನನ್ನು ಸುಮ್ಮನೆ ನಿಲ್ಲಿಸಿದರು. ಯಾರನ್ನೂ ಕೊಲ್ಲದೆ, ಯಾರ ತಂಟೆಗೂ ಹೋಗದೆ ಅವನು ನಿಂತ. ಮೇಲಿನ ಮೂಲೆಯಲ್ಲಿ ಆಟಕ್ಕೆ ಕೊಟ್ಟ ಹೊತ್ತಿನ ಅಂಕಿ ಇಳಿಯುತ್ತ ಇಳಿಯುತ್ತ ಸೊನ್ನೆಯಾಯಿತು. ಅವನು ನಿಂತಲ್ಲಿಯೇ ಎರಡೂ ಕೈ ಮೇಲೆತ್ತಿ ಸತ್ತ.

ಕಾಕು ಹಿಡಿಕೆಯನ್ನು ನನ್ನ ಕೈಗೆ ವಾಪಸು ಕೊಟ್ಟರು.

"ಏನೂ ಮಾಡಲಾರದ ಸುಮ್ಮ ನಿಂತ್ರೂ ಜೀವ ತಗೋತೈತಲ್ಲೋ ಇದು! ಇದಕ್ಕ ರೊಕ್ಕಾ ಕೊಟ್ಟು ಕೊಲ್ಲಾಪುರದಿಂದ ಹೊತ್ತುಕೊಂಡು ಬಂದೇನ? ನಿನ್ನ ಕಚೇರ್ಯಾಗ ಪುಕ್ಕಟ ಸಿಗತಿತ್ತಲ್ಲೋ ಬಸಣ್ಣಾ."

ಕಾಕಾ ಮೊದಲು ನಕ್ಕರು. ಆಮೇಲೆ ಶೈಲಾ ನಕ್ಕಳು, ಅಗತ್ಯಕ್ಕಿಂತ ಸ್ವಲ್ಪ ಹೆಚ್ಚೇ. ನಾನು ತಂತಿ ಬಿಚ್ಚಲು ಕೂತೆ. ಮೊದಲಿದ್ದ ಹಾಗೆ ಮಾಡಲು ಹೋಗಿ ಆಂಟೆನಾದ ತಂತಿಯನ್ನೂ ಹರಿದೆ, ಎರಡೂ ಮನೆಯ ಟಿವಿಗಳಲ್ಲಿ ಅಲ್ಲಿಂದಾಚೆಗೆ ಬಾತೂ ಇಲ್ಲ, ವಾರ್ತೆಯೂ ಇಲ್ಲ. ಪೆಟ್ಟಿಗೆ ಮಂಚದ ಕೆಳಗೆ ಸೇರಿತು. ಮರುದಿನ ಕಚೇರಿಗೆ ಹೋಗಿ ನನ್ನ ಕುರ್ಚಿಯಲ್ಲಿ ಕೂತೆ; ಬಾಜೂದಲ್ಲಿ ಕಡತಗಳ ಗೋಡೆ, ಯಾರೂ ಬಾರದ ಜಾಗ. ಎದುರಿನ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ಮೊದಲ ಬಾರಿಗೆ ಅದನ್ನು ಬಿಚ್ಚಿ ನೋಡುವ ಮನಸ್ಸಾಗಲಿಲ್ಲ. ಸಂಜೆ ಮನೆಗೆ ಹೋದರೆ ಊಟ ಬೇರೆ ಇರಲಿಲ್ಲ.